ಮದ್ದು ಬಿಟ್ಟವರು, ಸಾಕ್ಷಿ ಕೇಳಿದವರು

ನಮ್ಮ ಕರಾವಳಿಯ ಮಾತಿನಲ್ಲಿ ‘ಮದ್ದು’ ಎಂಬ ಶಬ್ದ ಎಷ್ಟೊಂದು ಕೆಲಸ ಮಾಡುತ್ತದೆ ನೋಡಿ. ಮಗುವಿನ ಹೊಟ್ಟೆನೋವಿಗೆ ಅಜ್ಜಿ ಅರೆದು ಕೊಡುವುದು ಮದ್ದು. ಬಾಣಂತಿಗೆ ಕಾಸಿಡುವುದು ಮದ್ದು. ಕೋವಿಗೆ ತುಂಬುವುದೂ ಮದ್ದೇ. ಅಡಿಕೆಗೆ ಕೊಳೆರೋಗ ಬಾರದಿರಲೆಂದು, ಗೇರಿನ ಚಿಗುರನ್ನು ಕೀಟ ಹೀರದಿರಲೆಂದು ಪಂಪು ಹಿಡಿದು ಹೊಡೆಯುವುದಕ್ಕೂ ನಾವು ‘ಮದ್ದು ಬಿಡುವುದು’ ಎಂದೇ ಹೇಳುತ್ತೇವೆ. ಡಬ್ಬಿಯ ಮೇಲೆ ತಲೆಬುರುಡೆಯ ಚಿತ್ರವಿದ್ದರೂ ನಮ್ಮ ಬಾಯಲ್ಲಿ ಅದು ಮದ್ದು. ವಿಷವನ್ನು ಮದ್ದೆಂದು ಕರೆದ ಮೇಲೆ ಅದರ ಹೆದರಿಕೆ ಹೇಗೆ ಹುಟ್ಟೀತು? ಮದ್ದು ಬಿಡುವವರು ನಮಗೆ ಉಪಕಾರ ಮಾಡಲು ಬಂದವರೇ ಆಗಿಬಿಡುತ್ತಾರೆ. ಈ ಒಂದು ಶಬ್ದದ ಮರೆಯಲ್ಲಿ ಕಾಸರಗೋಡಿನಲ್ಲೂ ನಮ್ಮ ಕರಾವಳಿ ಜಿಲ್ಲೆಗಳಲ್ಲೂ ಇಪ್ಪತ್ತು ವರ್ಷಗಳ ಕಾಲ ನಡೆದ ಕೆಲಸದ ಬಗ್ಗೆ ನನಗೊಂದು ಸಿಟ್ಟಿದೆ. ಅದನ್ನು ಇಲ್ಲಿ ಬಿಚ್ಚಿ ಹೇಳಬೇಕಾಗಿದೆ.

ನಾನಿರುವ ತ್ರಾಸಿಗೆ ಜನ ಬರುವುದು ಕಡಲು ನೋಡಲು. ಹೆದ್ದಾರಿಯ ಬದಿಯಲ್ಲಿ ಕಾರು ನಿಲ್ಲಿಸಿ, ಫೋಟೋ ತೆಗೆದು, ಮರವಂತೆಯ ಕಡೆಗೆ ಹೊರಟುಹೋಗುತ್ತಾರೆ. ಅವರು ಬೆನ್ನು ಹಾಕಿ ನಿಲ್ಲುವ ಮೂಡು ದಿಕ್ಕಿಗೆ ಹೋದರೆ ಗೇರು ಮರಗಳು ಸಿಗುತ್ತವೆ. ನಮ್ಮ ಕುಂದಾಪುರ ಸೀಮೆಯ ಹೆಂಗಸರಿಗೆ ಗೇರು ಎಂದರೆ ಬರೀ ಪಾಯಸಕ್ಕೆ ಹಾಕುವ ಗೋಡಂಬಿಯಲ್ಲ. ಬೇಸಿಗೆಯಲ್ಲಿ ಹಾಡಿ ಸುತ್ತಿ ಬೀಜ ಹೆಕ್ಕಿ ಮಾರಿದ ದುಡ್ಡಿನಿಂದ ಮಕ್ಕಳ ಪುಸ್ತಕವೂ ಮಳೆಗಾಲದ ಅಕ್ಕಿಯೂ ಬಂದದ್ದಿದೆ. ಬೀಜದ ಫ್ಯಾಕ್ಟರಿಗಳಲ್ಲಿ ಸಿಪ್ಪೆ ಸುಲಿದು ಕಪ್ಪಾದ ಬೆರಳುಗಳೂ ಹೆಚ್ಚಿನವು ಹೆಂಗಸರವೇ. ಆದ್ದರಿಂದ ಗೇರಿನ ಮೇಲೆ ಸುರಿದ ವಿಷದ ಕತೆ ನಮಗೆ ಪರರಾಜ್ಯದ ಸುದ್ದಿಯಲ್ಲ. ನಮ್ಮ ಅಡಿಗೆಮನೆಯ ಹಿಂದಿನ ಬಾಗಿಲಿನ ಕತೆ.

ಆ ವಿಷದ ಹೆಸರು ಎಂಡೋಸಲ್ಫಾನ್. ಗೇರಿನ ಚಿಗುರು ಹೂಗಳ ರಸ ಹೀರುವ ಟೀ ಸೊಳ್ಳೆ ಎಂಬ ಕೀಟವನ್ನು ಕೊಲ್ಲಲು ಅದನ್ನು ತಂದರು. ಕಾಸರಗೋಡು ಜಿಲ್ಲೆಯಲ್ಲಿ ಕೇರಳ ಸರಕಾರದ ಪ್ಲಾಂಟೇಶನ್ ಕಾರ್ಪೊರೇಶನ್ 4,500 ಹೆಕ್ಟೇರಿಗೂ ಮಿಕ್ಕಿದ ಗೇರು ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದ ವರೆಗೆ ಹೆಲಿಕಾಪ್ಟರಿನಿಂದ ಅದನ್ನು ಸುರಿಯಿತು. ಅಲ್ಲಿಯ ಎಣ್ಮಕಜೆ ಪಂಚಾಯತಿನ ಪಡ್ರೆ ನಮ್ಮಂತೆಯೇ ಕನ್ನಡ, ತುಳು ಆಡುವವರ ಊರು. ಗುಡ್ಡದೊಳಗೆ ಕೊರೆದ ಸುರಂಗದ ನೀರು ಕುಡಿಯುವವರ ಊರು. ಗುಡ್ಡದ ತಲೆಯ ಮೇಲೆ ಸುರಿದದ್ದು ಕೆಳಗಿನ ಸುರಂಗಕ್ಕೆ, ತೋಡಿಗೆ ಇಳಿಯದೆ ಎಲ್ಲಿಗೆ ಹೋದೀತು? ಇತ್ತ ನಮ್ಮ ರಾಜ್ಯದಲ್ಲಿ ಸರಕಾರದ್ದೇ ಆದ ಗೇರು ಅಭಿವೃದ್ಧಿ ನಿಗಮ ಬೆಳ್ತಂಗಡಿ ತಾಲೂಕಿನ ಕೊಕ್ಕಡ, ಪಟ್ರಮೆ, ನಿಡ್ಲೆಯ ಸುತ್ತಮುತ್ತ ಅದನ್ನೇ ಮಾಡಿತು. ಇಂದು ಎಂಡೋ ಸಂತ್ರಸ್ತರೆಂದು ಗುರುತಿಸಿದವರು ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡ ಈ ಮೂರೂ ಜಿಲ್ಲೆಗಳಲ್ಲಿದ್ದಾರೆ. ಉಡುಪಿ ಬೇರೆ ಜಿಲ್ಲೆಯಾದದ್ದೇ 1997ರಲ್ಲಿ. ಮದ್ದು ಬಿಡುತ್ತಿದ್ದ ಆ ವರ್ಷಗಳಲ್ಲಿ ಹೆಚ್ಚಿನ ಕಾಲ ನಾವು ಮತ್ತು ಕೊಕ್ಕಡದವರು ಒಂದೇ ಜಿಲ್ಲೆಯ ಮಕ್ಕಳು.

ಪಡ್ರೆಯ ಬಳಿಯ ವಾಣೀನಗರದ ವೈದ್ಯ ಡಾ. ವೈ. ಎಸ್. ಮೋಹನ ಕುಮಾರ್ 1980ರ ದಶಕದಲ್ಲಿ ಅಲ್ಲಿ ವೃತ್ತಿ ಶುರುಮಾಡಿದವರು. ಅಷ್ಟು ಸಣ್ಣ ಊರಿನಲ್ಲಿ ಅಪಸ್ಮಾರ, ಬುದ್ಧಿಮಾಂದ್ಯ, ಹುಟ್ಟು ಅಂಗವಿಕಲತೆ ಯಾಕೆ ಇಷ್ಟೊಂದು ಎಂದು ಅವರಿಗೆ ಅನುಮಾನ ಹುಟ್ಟಿತು. ಪತ್ರಕರ್ತ ಶ್ರೀ ಪಡ್ರೆಯವರು ತಮ್ಮ ಊರಿನ ಸಂಕಟವನ್ನು ಬಿಡದೆ ಬರೆದರು. ಪೆರಿಯದ ಲೀಲಾಕುಮಾರಿ ಅಮ್ಮ ಎಂಬ ಹೆಂಗಸು, ಕೃಷಿ ಇಲಾಖೆಯದೇ ನೌಕರಿಯಲ್ಲಿದ್ದವರು, 1998ರಲ್ಲಿ ನ್ಯಾಯಾಲಯಕ್ಕೆ ಹೋಗಿ ತಮ್ಮ ಊರಿನಲ್ಲಿ ಹೆಲಿಕಾಪ್ಟರ್ ಸಿಂಪಡಣೆಗೆ ತಡೆ ತಂದರು. ಒಬ್ಬ ವೈದ್ಯ, ಒಬ್ಬ ಪತ್ರಕರ್ತ, ಒಬ್ಬ ಹೆಂಗಸು. ದೊಡ್ಡ ದೊಡ್ಡ ಇಲಾಖೆಗಳಿಗೆ ಕಾಣದ್ದು ಇವರಿಗೆ ಕಂಡಿತು. ಏಕೆಂದರೆ ಇವರು ಆ ಊರಿನ ನೀರು ಕುಡಿಯುತ್ತಿದ್ದರು.

ಇನ್ನು ಈ ವಿಷ ಮೈಯೊಳಗೆ ಮಾಡುವುದೇನು ಎಂಬುದನ್ನು ಹೆಂಗಸರಾದ ನಾವು ತಿಳಿದುಕೊಳ್ಳಲೇಬೇಕು. ‘ಅದೆಲ್ಲ ವಿಜ್ಞಾನ, ನಿಮಗೆ ಅರ್ಥವಾಗದು’ ಎಂದು ಹೇಳಿ ನಮ್ಮನ್ನು ಹೊರಗೆ ಕೂರಿಸಿದ್ದು ಸಾಕು. ಅರ್ಥವಾಗದಂಥದ್ದು ಇದರಲ್ಲಿ ಏನೂ ಇಲ್ಲ.

ನಮ್ಮ ಮಿದುಳಿನ ನರಕೋಶಗಳು ಒಂದಕ್ಕೊಂದು ಅಂಟಿಕೊಂಡಿಲ್ಲ. ಎರಡರ ನಡುವೆ ಕಣ್ಣಿಗೆ ಕಾಣದಷ್ಟು ಸಣ್ಣ ಸಂದು ಇದೆ. ಒಂದು ಕೋಶ ಇನ್ನೊಂದಕ್ಕೆ ಸುದ್ದಿ ಮುಟ್ಟಿಸಬೇಕಾದರೆ ತನ್ನ ತುದಿಯಲ್ಲಿ ಕೂಡಿಟ್ಟ ಪುಟ್ಟ ಪುಟ್ಟ ಚೀಲಗಳನ್ನು ಬಿಚ್ಚಿ ಒಂದು ರಾಸಾಯನಿಕವನ್ನು ಆ ಸಂದಿಗೆ ಸುರಿಯುತ್ತದೆ. ಆಚೆಯ ಕೋಶ ಅದನ್ನು ಹಿಡಿದುಕೊಳ್ಳುತ್ತದೆ. ಮಗು ನಕ್ಕದ್ದು, ಮಗ್ಗಿ ಹೇಳಿದ್ದು, ಅಮ್ಮನ ದನಿ ಗುರುತಿಸಿದ್ದು ಎಲ್ಲವೂ ಈ ಸುರಿಯುವ ಹಿಡಿಯುವ ವ್ಯವಹಾರದಿಂದಲೇ. ಇಂಥ ರಾಸಾಯನಿಕಗಳಲ್ಲಿ ಕೆಲವು ‘ಹೊರಡು’ ಎನ್ನುತ್ತವೆ, ಕೆಲವು ‘ಸಾಕು, ನಿಲ್ಲು’ ಎನ್ನುತ್ತವೆ. ನಿಲ್ಲು ಎನ್ನುವವುಗಳಲ್ಲಿ ಮುಖ್ಯವಾದದ್ದು ಗಾಬಾ. ಹಾಲು ಉಕ್ಕಿ ಬರುವಾಗ ನಾವು ನಾಲ್ಕು ಹನಿ ನೀರು ಚಿಮುಕಿಸುತ್ತೇವಲ್ಲ, ಮಿದುಳಿನಲ್ಲಿ ಆ ಕೆಲಸ ಗಾಬಾದ್ದು. ಅದು ಬಂದು ಮುಟ್ಟಿದಾಗ ಆಚೆಯ ಕೋಶದಲ್ಲಿ ಒಂದು ಸಣ್ಣ ಬಾಗಿಲು ತೆರೆದು ಕ್ಲೋರೈಡ್ ಒಳಗೆ ಹೋಗುತ್ತದೆ, ಕೋಶ ಶಾಂತವಾಗುತ್ತದೆ.

ಎಂಡೋಸಲ್ಫಾನ್ ಹೋಗಿ ಕೂರುವುದು ಆ ಬಾಗಿಲಿನಲ್ಲೇ. ಗೂಟ ಬಡಿದಂತೆ. ಆಗ ಗಾಬಾ ಬಂದರೂ ಬಾಗಿಲಿನಿಂದ ಏನೂ ಒಳಹೋಗುವುದಿಲ್ಲ. ನಿಲ್ಲಿಸುವವರು ಇಲ್ಲದ ಮೇಲೆ ಒಂದು ಕೋಶದ ಗಲಾಟೆ ಇನ್ನೊಂದಕ್ಕೆ, ಅದರದ್ದು ಮತ್ತೊಂದಕ್ಕೆ ಹಬ್ಬಿ, ‘ಹೊರಡು’ ಎನ್ನುವ ರಾಸಾಯನಿಕಗಳು ಎಡೆಬಿಡದೆ ಸುರಿಯುತ್ತವೆ. ಹಾಲು ಉಕ್ಕಿ ಒಲೆಯನ್ನೇ ನಂದಿಸುತ್ತದೆ. ನಾವು ಫಿಟ್ಸ್ ಎನ್ನುವುದು ಇದನ್ನೇ. ಇದು ಯಾರೋ ಚಳವಳಿಗಾರರು ಹೊರಿಸಿದ ಆರೋಪ ಎಂದುಕೊಳ್ಳಬೇಡಿ. ಕೀಟವನ್ನು ಆ ವಿಷ ಕೊಲ್ಲುವ ಕ್ರಮವೇ ಇದು. ತಯಾರಕರು ಮಾರಿದ್ದೂ ಇದೇ ಗುಣವನ್ನು. ಅದೇ ಬಗೆಯ ಬಾಗಿಲು ಟೀ ಸೊಳ್ಳೆಯಲ್ಲೂ ಇದೆ, ತೊಟ್ಟಿಲಿನ ಮಗುವಿನಲ್ಲೂ ಇದೆ. ಕೀಟದ ನರವನ್ನು ಕೆಡಿಸುವ ವಸ್ತು ಮನುಷ್ಯರ ನರದ ತಂಟೆಗೆ ಬರುವುದಿಲ್ಲ ಎಂದು ಮೊದಲು ತೋರಿಸಿಕೊಡಬೇಕಾದವರು ಅದನ್ನು ಮಾರಿದವರೂ ಸುರಿದವರೂ ಅಲ್ಲವೇ?

ಇನ್ನೂ ಒಂದು ಮಾತಿದೆ. ಗರ್ಭದಲ್ಲಿರುವ ಮಗುವಿನ ಮಿದುಳಿನಲ್ಲಿ ಇದೇ ರಾಸಾಯನಿಕಗಳು ಸುದ್ದಿ ಒಯ್ಯುವುದು ಮಾತ್ರವಲ್ಲ, ಮನೆ ಕಟ್ಟುವ ಮೇಸ್ತ್ರಿಯ ಕೆಲಸವನ್ನೂ ಮಾಡುತ್ತವೆ. ಯಾವ ಕೋಶ ಎಲ್ಲಿಗೆ ಹೋಗಿ ಯಾರ ಜೊತೆ ಸೇರಬೇಕೆಂದು ದಾರಿ ತೋರಿಸುತ್ತವೆ. ಗೋಡೆ ಏಳುವಾಗಲೇ ಮೇಸ್ತ್ರಿಯ ಕೈ ಹಿಡಿದರೆ ಆಮೇಲೆ ಸುಣ್ಣ ಬಳಿದು ಸರಿಮಾಡಲು ಬರುತ್ತದೆಯೇ? ದೊಡ್ಡವರಿಗೆ ಏನೂ ಮಾಡದ ಪ್ರಮಾಣ ಗರ್ಭದ ಕೂಸಿಗೆ ದೊಡ್ಡದಾಗುವುದು ಹೀಗೆ.

ಈಗ ನನ್ನ ಸಿಟ್ಟಿನ ಮೂಲಕ್ಕೆ ಬರುತ್ತೇನೆ. ‘ಆಗ ಯಾರಿಗೆ ಗೊತ್ತಿತ್ತು?’ ಎಂಬ ಮಾತನ್ನು ಬಹಳ ಸಲ ಕೇಳಿದ್ದೇನೆ. ಗೊತ್ತಿತ್ತು. ನಮ್ಮದೇ ರಾಜಧಾನಿಯಲ್ಲಿ ಗೊತ್ತಿತ್ತು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಲಕ್ಷ್ಮಣ ಮತ್ತು ರಾಜು ಎಂಬ ಇಬ್ಬರು ವಿಜ್ಞಾನಿಗಳು ಇಲಿಮರಿಗಳಿಗೆ ಎಂಡೋಸಲ್ಫಾನ್ ಕೊಟ್ಟು ನೋಡಿದರು. ಬೆಳೆಯುವ ಮಿದುಳಿನಲ್ಲಿ ನಾರ್‌ಅಡ್ರಿನಾಲಿನ್, ಡೋಪಮಿನ್, ಸೆರೊಟೋನಿನ್ ಎಂಬ ಸುದ್ದಿವಾಹಕಗಳ ಮಟ್ಟ ಸಣ್ಣ ಪ್ರಮಾಣದಲ್ಲಾದರೂ ಖಚಿತವಾಗಿ ಏರುಪೇರಾಗಿತ್ತು. ಆ ಮರಿಗಳು ಕಲಿಯುವುದರಲ್ಲಿ ಹಿಂದೆ ಬಿದ್ದವು. ಈ ಸಂಶೋಧನೆ ಅಚ್ಚಾದದ್ದು 1994ರಲ್ಲಿ. ಸಿಂಪಡಣೆ ನಿಂತದ್ದು 2000ದಲ್ಲಿ. ನಡುವಿನ ಆ ಆರು ವರ್ಷ ಯಾರದ್ದು? ಆ ಆರು ವರ್ಷಗಳಲ್ಲಿ ಹುಟ್ಟಿದ ಮಕ್ಕಳಿಗೆ ಇಂದು ಇಪ್ಪತ್ತೈದು ದಾಟಿದೆ. ಬೆಂಗಳೂರಿನಿಂದ ಕೊಕ್ಕಡಕ್ಕೆ ಒಂದು ರಾತ್ರಿಯ ಬಸ್ಸಿನ ದಾರಿ. ಆದರೆ ಒಂದು ಸರಕಾರಿ ಪ್ರಯೋಗಶಾಲೆಯ ಅರಿವು ಒಂದು ಸರಕಾರಿ ನಿಗಮದ ಮೇಜಿಗೆ ಆರು ವರ್ಷವಾದರೂ ತಲುಪಲಿಲ್ಲ. ಇಲಿಯ ಮರಿ ಕಲಿಯದೆ ಹೋದದ್ದನ್ನು ಅಳೆದು ಬರೆದಿಟ್ಟ ರಾಜ್ಯ, ಹಳ್ಳಿಯ ಮಗು ಕಲಿಯದೆ ಹೋದಾಗ ತಾಯಿಯ ಹಣೆಬರಹ ಎಂದಿತು.

ಪಡ್ರೆಯಲ್ಲಿ 2001ರಲ್ಲಿ ದಿಲ್ಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರದವರು ಜನರ ರಕ್ತ, ತಾಯಂದಿರ ಹಾಲು, ನೀರು, ಮಣ್ಣು ಪರೀಕ್ಷಿಸಿ ಎಂಡೋಸಲ್ಫಾನ್ ಕಂಡರು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು 2002ರ ವರದಿಯಲ್ಲಿ ಅಲ್ಲಿಯ ಮಕ್ಕಳನ್ನು ವಿಷ ಬೀಳದ ಇನ್ನೊಂದು ಊರಿನ ಮಕ್ಕಳೊಡನೆ ಹೋಲಿಸಿ, ನರ ಮತ್ತು ನಡವಳಿಕೆಯ ತೊಂದರೆಗಳು ಇಲ್ಲಿ ಹೆಚ್ಚು ಎಂದರು. ಅದೇ ತಂಡದವರು 117 ಹುಡುಗರನ್ನು ಬೇರೆ ಊರಿನ 90 ಹುಡುಗರೊಡನೆ ಹೋಲಿಸಿ, ಇಲ್ಲಿಯವರಲ್ಲಿ ಪ್ರಾಯಕ್ಕೆ ಬರುವುದೇ ತಡವಾಗುತ್ತಿದೆ ಎಂದು 2003ರಲ್ಲಿ ಪ್ರಕಟಿಸಿದರು. ಇದನ್ನೆಲ್ಲ ಒಪ್ಪದ ವಿಜ್ಞಾನಿಗಳೂ ಇದ್ದಾರೆ. ಇರಲಿ. ಇಂಥ ಮಗುವಿನ ಇಂಥ ಕಾಯಿಲೆ ಇದೇ ವಿಷದಿಂದ ಬಂತೆಂದು ಒಂದೊಂದಾಗಿ ತೋರಿಸಲಾಗದು ಎಂಬುದು ಅವರ ಮಾತು. ಆ ಮಾತಿನಲ್ಲಿ ಸುಳ್ಳಿಲ್ಲ. ವಿಷ ಮಗುವಿನ ಮೈಮೇಲೆ ಸಹಿ ಮಾಡಿ ಹೋಗುವುದಿಲ್ಲ. ಆದರೆ ನನ್ನ ಪ್ರಶ್ನೆ ಬೇರೆ. ಅಷ್ಟು ಕಟ್ಟುನಿಟ್ಟಿನ ಪುರಾವೆಯನ್ನು ಸುರಿಯುವ ಮೊದಲು ಯಾಕೆ ಕೇಳಲಿಲ್ಲ? ಸಿಂಪಡಿಸಲು ‘ಅಪಾಯಕ್ಕೆ ಪುರಾವೆಯಿಲ್ಲ’ ಎಂಬುದೇ ಸಾಕಾಯಿತು. ಪರಿಹಾರ ಕೊಡಲು ಮಾತ್ರ ‘ಅಪಾಯಕ್ಕೆ ಪೂರ್ಣ ಪುರಾವೆ’ ಬೇಕಾಯಿತು. ಒಂದೇ ತಕ್ಕಡಿಯಲ್ಲಿ ಕೊಡುವಾಗ ಒಂದು ಕಲ್ಲು, ತೆಗೆದುಕೊಳ್ಳುವಾಗ ಇನ್ನೊಂದು ಕಲ್ಲು ಇಡುವ ಅಂಗಡಿಯವನನ್ನು ನಾವು ಏನೆಂದು ಕರೆಯುತ್ತೇವೆ?

ಕೆಲವು ವರ್ಷಗಳ ಹಿಂದೆ ನಮ್ಮ ಸೀಮೆಯ ತಾಯಿಯೊಬ್ಬಳ ಜೊತೆ ಒಂದು ಗುರುತಿಸುವ ಶಿಬಿರಕ್ಕೆ ಹೋಗಿದ್ದೆ. ಊರಿನ ಹೆಸರು, ಕಚೇರಿಯ ಹೆಸರು ಬೇಡ. ಹದಿನೆಂಟು ವರ್ಷದ ಮಗನನ್ನು ಸೊಂಟದ ಮೇಲೆ ಎತ್ತಿಕೊಂಡು ಬಂದಿದ್ದಳು ಅವಳು. ಮೇಜಿನ ಆಚೆ ಕುಳಿತವರು ಕೇಳಿದರು, ಗೇರು ತೋಟಕ್ಕೂ ನಿಮ್ಮ ಮನೆಗೂ ಎಷ್ಟು ದೂರ, ಬಸುರಿಯಾಗಿದ್ದಾಗ ಅಲ್ಲೇ ಇದ್ದಿರೆಂಬುದಕ್ಕೆ ದಾಖಲೆ ಏನು, ಎಷ್ಟು ಸಲ ಮದ್ದು ಬಿಟ್ಟರು, ಯಾವ ತಿಂಗಳಲ್ಲಿ. ಅವಳು ಉತ್ತರ ಹೇಳದೆ ನನ್ನ ಕಡೆ ತಿರುಗಿ, “ಮದ್ದ್ ಬಿಡುವತಿಗೆ ಅವ್ರ್ ನಮ್ಗೆ ಚೀಟಿ ಕೊಟ್ಟಿರಾ ಅಕ್ಕ? ಈಗ ನಮ್ಮತ್ರ ಚೀಟಿ ಕೇಂತ್ರಲೆ!” ಎಂದಳು. ಆ ಹೆಂಗಸು ಶಾಲೆಗೆ ಹೋದವಳಲ್ಲ. ಆದರೆ ಈ ಇಡೀ ವಿಚಾರದಲ್ಲಿ ಅದಕ್ಕಿಂತ ಸರಿಯಾದ ಪ್ರಶ್ನೆಯನ್ನು ನಾನು ಯಾವ ಸಮಿತಿಯ ವರದಿಯಲ್ಲೂ ಓದಿಲ್ಲ.

ಚೀಟಿ ಯಾರ ಬಳಿ ಇರಬೇಕು ಹೇಳಿ? ಸರಕಾರಿ ನಿಗಮವೆಂದರೆ ಒಂದು ಡಬ್ಬಿ ಕೊಂಡರೂ ಬಿಲ್ಲು, ದಾಸ್ತಾನು ಪುಸ್ತಕ, ಖರ್ಚಿನ ಲೆಕ್ಕ, ಮೇಲಧಿಕಾರಿಯ ಸಹಿ ಎಲ್ಲ ಇರಲೇಬೇಕು. ಯಾವ ವರ್ಷ, ಯಾವ ತೋಟ, ಎಷ್ಟು ಲೀಟರ್ ಎಂಬುದು ಬರೆದಿಟ್ಟಿರಬೇಕಾದವರು ಸುರಿದವರು. ಬಟ್ಟೆ ಒಗೆಯುತ್ತ ತಲೆಯ ಮೇಲೆ ಹನಿ ಬಿದ್ದವಳಲ್ಲ. ಮೊದಲು ಆ ಲೆಕ್ಕದ ಪುಸ್ತಕಗಳು ಪಂಚಾಯತಿಯ ಕಟ್ಟೆಗೆ ಬರಲಿ. ಆಮೇಲೆ ತಾಯಂದಿರ ರೇಷನ್ ಕಾರ್ಡು ನೋಡುವ.

ಇದರಲ್ಲಿ ಹೆಂಗಸರಿಗೆ ಇನ್ನೊಂದು ಅನ್ಯಾಯವೂ ಇದೆ. ಇಂಥ ವಿಷಗಳು ನೀರಿನಲ್ಲಿ ತೊಳೆದುಹೋಗುವುದಿಲ್ಲ, ಕೊಬ್ಬಿನಲ್ಲಿ ಸೇರಿ ಕೂರುತ್ತವೆ. ಮಣ್ಣಿನಲ್ಲಿ ತಿಂಗಳುಗಟ್ಟಲೆ, ಕೆಲವೆಡೆ ವರ್ಷಗಟ್ಟಲೆ ಉಳಿಯುತ್ತವೆ. ಗಾಳಿಯಲ್ಲಿ ತೇಲಿ ಒಂದು ಗೇರು ಮರವೂ ಇಲ್ಲದ ಉತ್ತರ ಧ್ರುವದ ಹಿಮದವರೆಗೂ ಎಂಡೋಸಲ್ಫಾನ್ ಹೋಗಿದೆ. ಹೆಂಗಸಿನ ಮೈಯ ಕೊಬ್ಬಿನಿಂದ ಇಂಥವು ಹಾಲಿಗೆ ಇಳಿಯುತ್ತವೆ. ಹಲವು ವಿಷಗಳ ದೊಡ್ಡ ಪಾಲು ಸಿಗುವುದು ಚೊಚ್ಚಲ ಮಗುವಿಗೆ. ಹಾಗೆಂದು ಯಾವ ತಾಯಿಯೂ ಹೆದರಿ ಹಾಲು ನಿಲ್ಲಿಸಬೇಕಾಗಿಲ್ಲ. ಎದೆಹಾಲಿನ ಒಳಿತೇ ದೊಡ್ಡದೆಂದು ವೈದ್ಯರು ಹೇಳುತ್ತಾರೆ, ಹಾಲು ಕೊಡಿ. ಆದರೆ ನಾಳೆ ಯಾರಾದರೂ ‘ಅಮ್ಮನ ಹಾಲಿನಿಂದ ವಿಷ ಬಂತು’ ಎಂದರೆ, ಅಮ್ಮನ ಹಾಲಿಗೆ ಅದನ್ನು ಬೆರೆಸಿದವರ ಹೆಸರು ಹೇಳಿರೆಂದು ಕೇಳಿ.

ಜಪಾನಿನ ಮಿನಮಾಟಾದಲ್ಲಿ ಆದದ್ದನ್ನು ಇಲ್ಲಿ ನೆನೆಯಬೇಕು. ಕಾರ್ಖಾನೆಯೊಂದು ಕೊಲ್ಲಿಗೆ ಬಿಟ್ಟ ಪಾದರಸ ಮೀನಿಗೆ, ಮೀನಿನಿಂದ ಬಸುರಿಯರಿಗೆ, ಅವರಿಂದ ಗರ್ಭದ ಕೂಸುಗಳ ಮಿದುಳಿಗೆ ಸೇರಿತು. ಆ ಕಾಯಿಲೆ ಮೊದಲು ದಾಖಲಾದದ್ದು 1956ರಲ್ಲಿ. ಅಲ್ಲಿಯೂ ಪುರಾವೆ ಕೇಳಿದರು. ಜಪಾನಿನಲ್ಲಿ ಮಗುವಿನ ಹೊಕ್ಕುಳಬಳ್ಳಿಯ ತುಂಡನ್ನು ಒಣಗಿಸಿ ಪುಟ್ಟ ಪೆಟ್ಟಿಗೆಯಲ್ಲಿ ಜೋಪಾನ ಮಾಡುವ ಪದ್ಧತಿಯಿದೆ. ಹರಾದಾ ಎಂಬ ವೈದ್ಯರು ತಾಯಂದಿರ ಆ ಪೆಟ್ಟಿಗೆಗಳಿಂದ ಬಳ್ಳಿಗಳನ್ನು ಕೇಳಿ ಪಡೆದು ಪರೀಕ್ಷೆ ಮಾಡಿಸಿದರು. ಪಾದರಸ ಸಿಕ್ಕಿತು. ಪ್ರೀತಿಗೆಂದು ತೆಗೆದಿಟ್ಟದ್ದು ಸಾಕ್ಷಿಯಾಯಿತು. ನಮ್ಮಲ್ಲಿ ಅಂಥ ಪೆಟ್ಟಿಗೆಗಳಿಲ್ಲ. ನಮ್ಮ ತಾಯಂದಿರು ಜೋಪಾನ ಮಾಡಿದ್ದು ಮಕ್ಕಳನ್ನೇ. ಆ ಮಕ್ಕಳನ್ನೇ ಎತ್ತಿ ಮೇಜಿನ ಮೇಲೆ ಕೂರಿಸಿದರೂ ಶೇಕಡಾ ಎಷ್ಟು ಎಂದು ಅಳೆಯುತ್ತಾರೆ. ಅಂಗವೈಕಲ್ಯದ ಶೇಕಡಾವಾರು ನೋಡಿಯೇ ಮಾಸಾಶನ. ಮಗನನ್ನು ಬಿಟ್ಟು ಮದುವೆಗೆ, ಮನೆ ಒಕ್ಕಲಿಗೆ, ತಾಯಿಮನೆಗೆ ಹೋಗದೆ ಇಪ್ಪತ್ತೈದು ವರ್ಷ ಕಳೆದ ತಾಯಿಗೆ ಶೇಕಡಾ ಎಷ್ಟು ಎಂದು ಅಳೆಯುವ ಕೋಲು ಯಾರಲ್ಲಿದೆ?

ಕಾನೂನು ಬರದೆ ಇರಲಿಲ್ಲ. ಆದರೆ ಹೇಗೆ ಬಂತು ನೋಡಿ. 2011ರ ಫೆಬ್ರವರಿಯಲ್ಲಿ ಕರ್ನಾಟಕ ಎಂಡೋಸಲ್ಫಾನನ್ನು ನಿಷೇಧಿಸಿತು. ಏಪ್ರಿಲಿನಲ್ಲಿ ಜಿನೀವಾದಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ದೇಶಗಳು ಅದನ್ನು ನಿವಾರಿಸಬೇಕಾದ ವಿಷಗಳ ಪಟ್ಟಿಗೆ ಸೇರಿಸಿದವು. ಮೇ 13ರಂದು ನಮ್ಮ ಸುಪ್ರೀಂ ಕೋರ್ಟ್ ದೇಶದಾದ್ಯಂತ ತಡೆಯೊಡ್ಡಿತು. ಅಲ್ಲಿಯ ತನಕ ಆ ಒಪ್ಪಂದದ ಸಭೆಗಳಲ್ಲಿ ಎಂಡೋಸಲ್ಫಾನ್ ಪರವಾಗಿ ವಾದಿಸುತ್ತ ಬಂದದ್ದು ನಮ್ಮದೇ ದೇಶ. ಯಾಕೆಂದರೆ ಜಗತ್ತಿನಲ್ಲೇ ಹೆಚ್ಚು ತಯಾರಿಸುತ್ತಿದ್ದವರು ನಾವು. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್, ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿಯನ್ನು ಮೂರು ತಿಂಗಳೊಳಗೆ ಕೊಡಿರೆಂದು ಕೇರಳ ಸರಕಾರಕ್ಕೆ ಆಜ್ಞೆ ಮಾಡಿತು. ಐದು ವರ್ಷ ಕಳೆದು 2022ರಲ್ಲಿ ಲೆಕ್ಕ ಕೇಳಿದಾಗ 3,704 ಮಂದಿಯಲ್ಲಿ ಹಣ ಮುಟ್ಟಿದ್ದು 8 ಮಂದಿಗೆ, ಅದೂ ನ್ಯಾಯಾಂಗ ನಿಂದನೆಯ ಅರ್ಜಿ ಹಾಕಿದ್ದಕ್ಕೆ. ಹಾಸಿಗೆ ಹಿಡಿದ ಮಗುವಿನ ತಾಯಿ ದಿಲ್ಲಿಯ ಕೋರ್ಟಿಗೆ ಹೋದರೆ ಮಾತ್ರ ನ್ಯಾಯ ಎಂದಾದರೆ ಅದನ್ನು ನ್ಯಾಯವೆನ್ನಲು ನನ್ನ ಬಾಯಿ ಬಾರದು.

‘ಮುಗಿದ ಕತೆ, ಇನ್ನೇಕೆ?’ ಎನ್ನುವವರಿದ್ದಾರೆ. ಮುಗಿದಿಲ್ಲ. ನಮ್ಮ ಪಟ್ಟಣದ ಮನೆಗಳಲ್ಲೇ ನೆನಪಿಸಿಕೊಳ್ಳಿ. ಇರುವೆಗೆಂದು ಮೂಲೆಮೂಲೆಗೆ ಉದುರಿಸುತ್ತಿದ್ದ ಗ್ಯಾಮಕ್ಸಿನ್ ಪುಡಿ, ಮಕ್ಕಳ ತಲೆಯ ಹೇನಿಗೆ, ಕಜ್ಜಿಗೆ ಹಚ್ಚುತ್ತಿದ್ದ ಲಿಂಡೇನ್. ಇವೂ ಎಂಡೋಸಲ್ಫಾನಿನ ನೆಂಟರೇ, ಗಾಬಾದ ಅದೇ ಬಾಗಿಲಿಗೆ ಗೂಟ ಹೊಡೆಯುವವರೇ. ಆ ಪುಡಿಯ ಮೂಲವಾದ ಬಿ.ಎಚ್.ಸಿ.ಯನ್ನು ನಮ್ಮ ದೇಶ ನಿಲ್ಲಿಸಿದ್ದು 1997ರಲ್ಲಿ. ಲಿಂಡೇನ್ ಸ್ಟಾಕ್‌ಹೋಮ್ ಪಟ್ಟಿಗೆ ಸೇರಿದ್ದು 2009ರಲ್ಲಿ. ಪ್ರತಿಯೊಂದು ಸಲವೂ ಇದೇ ಕ್ರಮ. ಮೊದಲು ಮಾರುವುದು, ಆಮೇಲೆ ಮಕ್ಕಳ ಮೇಲೆ ಪರೀಕ್ಷೆಯಾಗುವುದು, ತಡವಾಗಿ ನಿಲ್ಲಿಸುವುದು, ಮತ್ತೆ ಹೊಸ ಹೆಸರಿನಲ್ಲಿ ಇನ್ನೊಂದು ಡಬ್ಬಿ ಬರುವುದು.

ಆದ್ದರಿಂದ ಇನ್ನು ಮುಂದಿನ ಡಬ್ಬಿಯ ಬಗ್ಗೆ ನಾವು ಕೇಳಬೇಕಾದದ್ದು ಇಷ್ಟೇ. ಇದು ಕೀಟದ ಮೈಯಲ್ಲಿ ಏನನ್ನು ಕೆಡಿಸುತ್ತದೆ? ಅದೇ ನನ್ನ ಮಗುವಿನಲ್ಲೂ ಇದೆಯೇ? ಬಸುರಿಯ ಮೇಲೆ, ಬೆಳೆಯುವ ಮಿದುಳಿನ ಮೇಲೆ ನೋಡಿದ್ದೀರಾ? ಎಲ್ಲಿ ಆ ಕಾಗದ? ಮಹಿಳಾ ಮಂಡಲದ ಸಭೆಯಲ್ಲಿ, ಸ್ವಸಹಾಯ ಸಂಘದ ವಾರದ ಕೂಟದಲ್ಲಿ, ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ. ಉತ್ತರವಿಲ್ಲದಿದ್ದರೆ ಡಬ್ಬಿ ತೆರೆಯಲು ಬಿಡಬೇಡಿ. ಮದ್ದು ಬಿಡುವ ಮೊದಲು ಚೀಟಿ ತೋರಿಸಬೇಕಾದವರು ಅವರು. ಇಷ್ಟು ದಿನ ಅದನ್ನು ತಾಯಂದಿರಿಂದ ಕೇಳಿದ್ದಾಯಿತು. ಇನ್ನು ಅವರನ್ನು ಕೇಳುವ ಸರದಿ ನಮ್ಮದು.